ಓದು ತೊಡಕಾದ ವಿದ್ಯಾರ್ಥಿಯೂ ಸಾಹಿತ್ಯಪಾಠವೂ

೧. ವಿಷಯಪ್ರವೇಶ

ಪ್ರೌಢಶಾಲೆಯ ಒಂದು ಕನ್ನಡ ತರಗತಿಯನ್ನು ಮನಸ್ಸಿಗೆ ತಂದುಕೊಳ್ಳೋಣ. ಉಪಾಧ್ಯಾಯರು ಪದ್ಯವೊಂದನ್ನು ರಾಗವಾಗಿ ಓದಿ, ಅನ್ವಯವನ್ನು ಹೇಳಿ, ಭಾವಾರ್ಥವನ್ನು ವಿವರಿಸುತ್ತಾರೆ. ಹದಿನಾಲ್ಕು ವರ್ಷದ ಹುಡುಗನೊಬ್ಬನು ಮೈಯೆಲ್ಲ ಕಿವಿಯಾಗಿ ಕೇಳುತ್ತಾನೆ. ಪ್ರಶ್ನೆ ಮಾಡಿದರೆ ಬಾಯಿಮಾತಿನಲ್ಲಿ ಒಪ್ಪತಕ್ಕ ಉತ್ತರವನ್ನೇ ಕೊಡುತ್ತಾನೆ. ಅದೇ ಪದ್ಯವನ್ನು ಎದ್ದುನಿಂತು ಓದೆಂದರೆ ಮಾತ್ರ ಅಕ್ಷರ ಅಕ್ಷರಕ್ಕೂ ತಡವರಿಸುತ್ತಾನೆ. ಬರೆಯೆಂದರೆ ಒತ್ತುಗಳು ಸ್ಥಾನ ತಪ್ಪುತ್ತವೆ, ದೀರ್ಘಗಳು ಬಿಟ್ಟುಹೋಗುತ್ತವೆ. ಪರೀಕ್ಷೆಯ ಉತ್ತರಪತ್ರಿಕೆಯನ್ನು ನೋಡಿದವರಿಗೆ ಅವನು ಮಂದನೆಂದೂ, ತರಗತಿಯಲ್ಲಿ ಅವನ ಮಾತನ್ನು ಕೇಳಿದವರಿಗೆ ಅವನು ಸೋಮಾರಿಯೆಂದೂ ತೋರುತ್ತದೆ. ಈ ಎರಡು ತೀರ್ಮಾನಗಳೂ ತಪ್ಪಾಗಿರಬಹುದೆಂದು ತೋರಿಸುವುದೂ, ಅಂಥ ವಿದ್ಯಾರ್ಥಿಯ ವಿಷಯದಲ್ಲಿ ಭಾಷೋಪಾಧ್ಯಾಯರ ಕರ್ತವ್ಯವೇನೆಂಬುದನ್ನು ವಿಚಾರಮಾಡುವುದೂ ಪ್ರಸ್ತುತ ಲೇಖನದ ಉದ್ದೇಶ.

ಇದು ವೈದ್ಯರಿಗೂ ಮನಶ್ಶಾಸ್ತ್ರಜ್ಞರಿಗೂ ಬಿಡತಕ್ಕ ವಿಷಯವಲ್ಲವೆ, ವಿದ್ವತ್ಪತ್ರಿಕೆಯಲ್ಲಿ ಇದಕ್ಕೇನು ಕೆಲಸವೆಂದು ವಾಚಕರು ಶಂಕಿಸಬಹುದು. ತೊಡಕಿನ ಕಾರಣವನ್ನು ನಿರ್ಣಯಿಸುವುದು ಅವರ ಕೆಲಸವೇ ಅಹುದು. ಆದರೆ ಆ ತೊಡಕು ಮೊದಲು ಕಣ್ಣಿಗೆ ಬೀಳುವುದು ಭಾಷೆಯ ತರಗತಿಯಲ್ಲಿ. ಅದರಿಂದ ಹೆಚ್ಚಿನ ನಷ್ಟವಾಗುವುದೂ ಭಾಷೆಯ ತರಗತಿಯಲ್ಲಿಯೇ. ಅಲ್ಲದೆ, ಕನ್ನಡ ಲಿಪಿಯ ರಚನೆಯನ್ನು ಬಲ್ಲವರಲ್ಲದೆ ಇತರರು ಕನ್ನಡ ಓದಿನ ತೊಡಕನ್ನು ಪೂರ್ಣವಾಗಿ ಅರಿಯಲಾರರು. ಆದುದರಿಂದ ಈ ವಿಷಯವು ನಮ್ಮದೂ ಆಗಿದೆ.

೨. ಹೆಸರುಗಳ ವಿಚಾರ

ಈಚಿನ ದಶಕಗಳಲ್ಲಿ ‘ನರವೈವಿಧ್ಯ’ವೆಂಬ ಅರ್ಥದ ಪದವೊಂದು ಪ್ರಚಾರಕ್ಕೆ ಬಂದಿದೆ. ೧೯೯೦ರ ದಶಕದಲ್ಲಿ ಆಟಿಸಂ ಉಳ್ಳವರೇ ತಮ್ಮತಮ್ಮಲ್ಲಿ ನಡೆಸಿದ ಚರ್ಚೆಗಳಿಂದ ಈ ಭಾವನೆಯು ರೂಪುಗೊಂಡಿತು. ಮನುಷ್ಯರ ಮೆದುಳುಗಳು ಒಂದೇ ಅಚ್ಚಿನವಲ್ಲ. ಓದುವುದು, ಗಮನವಿಡುವುದು, ಇತರರೊಡನೆ ಬೆರೆಯುವುದು ಮುಂತಾದವುಗಳಲ್ಲಿ ಬಹುಜನರ ರೀತಿಗಿಂತ ಬೇರೆಯಾದ ರೀತಿಯೂ ಉಂಟು. ಆ ಬೇರೆತನವನ್ನೆಲ್ಲ ರೋಗವೆಂದು ಎಣಿಸುವುದು ಯುಕ್ತವಲ್ಲ ಎಂಬುದು ಅದರ ಸಾರ. ಓದಿನ ತೊಡಕಾದ ಡಿಸ್ಲೆಕ್ಸಿಯಾ, ಬರವಣಿಗೆಯ ತೊಡಕಾದ ಡಿಸ್‌ಗ್ರಾಫಿಯಾ, ಅವಧಾನದ ಚಾಂಚಲ್ಯವಾದ ಎಡಿಎಚ್‌ಡಿ, ಆಟಿಸಂ, ಇವೆಲ್ಲವೂ ಈ ಹೆಸರಿನ ನೆರಳಿಗೆ ಬರುತ್ತವೆ. ಒಬ್ಬರಲ್ಲಿಯೇ ಇವುಗಳಲ್ಲಿ ಎರಡು ಮೂರು ಕೂಡಿರುವುದೂ ಅಪೂರ್ವವಲ್ಲ.

ನಮ್ಮ ಸರ್ಕಾರಿ ಕಾಗದಪತ್ರಗಳಲ್ಲಿ ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಎಂಬ ಮಾತು ರೂಢಿಯಲ್ಲಿದೆ. ‘ನಿರ್ದಿಷ್ಟ’ವೆಂಬ ವಿಶೇಷಣವನ್ನು ಗಮನಿಸತಕ್ಕದ್ದು. ಕಲಿಯುವ ಶಕ್ತಿಯೇ ಕುಂದಿದೆಯೆಂದು ಇದರ ಅರ್ಥವಲ್ಲ. ಓದು, ಬರಹ, ಗಣಿತ ಇವುಗಳಲ್ಲಿ ಒಂದೆರಡರಲ್ಲಿ ಮಾತ್ರ ತೊಡಕೆಂದು ಅರ್ಥ. ‘ನ್ಯೂನತೆ’ ಎಂಬ ಪದವು ಶಾಸನದಲ್ಲಿ ಹಕ್ಕನ್ನು ಸ್ಥಾಪಿಸುವುದಕ್ಕೆ ಬೇಕಾಗಿದೆ. ತರಗತಿಯಲ್ಲಿ ಅದನ್ನು ಬಳಸುವ ಅಗತ್ಯವಿಲ್ಲ. ಈ ಲೇಖನದಲ್ಲಿ ‘ಓದಿನ ತೊಡಕು’ ಎಂಬ ಸಾಮಾನ್ಯ ಪದವನ್ನೇ ಇಟ್ಟುಕೊಂಡಿದೆ. ನರವೈವಿಧ್ಯದ ವಿಸ್ತಾರವು ದೊಡ್ಡದು; ಅದರಲ್ಲಿ ಭಾಷಾಪಾಠಕ್ಕೆ ಅತ್ಯಂತ ಸಮೀಪವಾದ ಓದಿನ ತೊಡಕನ್ನೇ ಇಲ್ಲಿ ಮುಖ್ಯವಾಗಿ ತೆಗೆದುಕೊಂಡಿದೆ.

೩. ಪೂರ್ವವೃತ್ತಾಂತ

ಜರ್ಮನಿಯ ವೈದ್ಯ ಕುಸ್‌ಮೌಲ್ ೧೮೭೭ರಲ್ಲಿ ‘ಪದಾಂಧತೆ’ ಎಂಬ ಅರ್ಥದ ಪದವನ್ನೂ, ಸ್ಟುಟ್‌ಗಾರ್ಟಿನ ನೇತ್ರವೈದ್ಯ ಬರ್ಲಿನ್ ೧೮೮೭ರಲ್ಲಿ ‘ಡಿಸ್ಲೆಕ್ಸಿಯಾ’ ಎಂಬ ಪದವನ್ನೂ ಬಳಕೆಗೆ ತಂದರು. ಇವರಿಬ್ಬರೂ ಕಂಡದ್ದು ಮೆದುಳಿಗೆ ಪೆಟ್ಟಾಗಿ ಓದುವ ಶಕ್ತಿಯನ್ನು ಕಳೆದುಕೊಂಡ ವಯಸ್ಕರನ್ನು. ಹುಟ್ಟಿನಿಂದಲೇ ಈ ತೊಡಕುಳ್ಳ ಬಾಲಕನ ವರ್ಣನೆ ಮೊದಲು ವೈದ್ಯಪತ್ರಿಕೆಯಲ್ಲಿ ಬಂದುದು ೧೮೯೬ರ ನವೆಂಬರ್ ತಿಂಗಳಲ್ಲಿ. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಸೀಫೋರ್ಡಿನಲ್ಲಿದ್ದ ಡಾಕ್ಟರ್ ಪ್ರಿಂಗಲ್ ಮಾರ್ಗನ್ ಎಂಬವರು ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪರ್ಸಿ ಎಂಬ ಹುಡುಗನ ವಿಷಯವನ್ನು ಬರೆದರು. ಅವನಿಗೂ ಆಗ ಹದಿನಾಲ್ಕು ವರ್ಷ. ಏಳನೆಯ ವಯಸ್ಸಿನಿಂದ ಅವನಿಗೆ ಪಾಠ ನಡೆದಿತ್ತು. ಆದರೂ ಸಣ್ಣ ಪದಗಳನ್ನು ಸಹ ಓದಲಾರದೆ ಇದ್ದನು. ಬಿಡಿ ಅಕ್ಷರಗಳೆಲ್ಲ ಅವನಿಗೆ ಗೊತ್ತಿದ್ದುವು. ದೊಡ್ಡ ಸಂಖ್ಯೆಗಳನ್ನು ತಡೆಯಿಲ್ಲದೆ ಓದುತ್ತಿದ್ದನು. ಬೀಜಗಣಿತದ ಲೆಕ್ಕಗಳನ್ನು ಮಾಡುತ್ತಿದ್ದನು. ತನ್ನ ಹೆಸರನ್ನು ಬರೆಯುವಾಗ ಮಾತ್ರ ರೇಫವು ಸ್ಥಾನ ತಪ್ಪಿ, ‘ಪರ್ಸಿ’ ಎಂಬುದು ‘ಪ್ರೆಸಿ’ ಆಗುತ್ತಿತ್ತು. ಪಾಠವೆಲ್ಲವೂ ಬಾಯಿಮಾತಿನಲ್ಲಿಯೇ ನಡೆಯುವುದಾಗಿದ್ದರೆ ಇವನೇ ಶಾಲೆಯಲ್ಲಿ ಎಲ್ಲರಿಗಿಂತ ಚುರುಕಾದ ಹುಡುಗನಾಗುತ್ತಿದ್ದನೆಂದು ಅವನ ಉಪಾಧ್ಯಾಯರ ಅಭಿಪ್ರಾಯವಾಗಿತ್ತೆಂದು ಮಾರ್ಗನ್ ಹೇಳಿದ್ದಾರೆ. ಹುಡುಗನ ನಿಜಸ್ಥಿತಿಯನ್ನು ವೈದ್ಯರಿಗಿಂತ ಮೊದಲೇ ಉಪಾಧ್ಯಾಯರೊಬ್ಬರು ಕಂಡಿದ್ದರೆಂಬುದು ನಮಗೆ ಸ್ಮರಣೀಯವಾದ ಅಂಶ.

ಅಂದಿನ ಪಂಡಿತರು ಇದನ್ನು ದೃಷ್ಟಿಗೆ ಸಂಬಂಧಿಸಿದ ದೋಷವೆಂದು ಬಗೆದಿದ್ದರು. ಮುಂದಿನ ಸಂಶೋಧನೆಯಿಂದ ಆ ಮತವು ಬದಲಾಯಿತು. ಮಾತಿನ ಧ್ವನಿಗಳನ್ನು ಬಿಡಿಸಿ ಗುರುತಿಸುವುದು, ಅವನ್ನು ಲಿಪಿಯ ಸಂಕೇತಗಳೊಡನೆ ಬೇಗ ಜೋಡಿಸುವುದು, ಇವುಗಳಲ್ಲಿರುವ ದೌರ್ಬಲ್ಯವೇ ಬಹುಮಂದಿಯಲ್ಲಿ ಈ ತೊಡಕಿನ ಮೂಲವೆಂದು ಈಗ ವಿದ್ವಾಂಸರು ತಿಳಿಯುತ್ತಾರೆ. ಇದು ಕುಟುಂಬಗಳಲ್ಲಿ ಸಾಗಿಬರುವುದುಂಟು, ಬಾಲ್ಯದೊಡನೆ ಕಳೆದುಹೋಗತಕ್ಕದ್ದಲ್ಲ. ಇದರ ಪ್ರಮಾಣವನ್ನು ಸಾಮಾನ್ಯವಾಗಿ ನೂರಕ್ಕೆ ಐದರಿಂದ ಹತ್ತೆಂದು ಎಣಿಸುತ್ತಾರೆ; ಗೆರೆಯನ್ನು ಎಲ್ಲಿ ಎಳೆಯುತ್ತೇವೆಂಬುದರ ಮೇಲೆ ಈ ಸಂಖ್ಯೆಯು ಹೆಚ್ಚು ಕಡಮೆಯಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಪರ್ಸಿಯು ಬುದ್ಧಿಶಾಲಿಯಾಗಿದ್ದುದರಿಂದ ಅವನ ತೊಡಕು ಎದ್ದುಕಂಡಿತು. ಇದರಿಂದ, ಬಹುಕಾಲ, ಬುದ್ಧಿಯ ಅಳತೆಗೂ ಓದಿನ ಅಳತೆಗೂ ದೊಡ್ಡ ಅಂತರವಿದ್ದವರನ್ನು ಮಾತ್ರ ಈ ವರ್ಗಕ್ಕೆ ಸೇರಿಸುವ ಪದ್ಧತಿ ನಡೆಯಿತು. ಅಮೆರಿಕದ ಮನೋವೈದ್ಯರ ಸಂಘವು ೨೦೧೩ರಲ್ಲಿ ಪ್ರಕಟಿಸಿದ ತನ್ನ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ ಆ ನಿಯಮವನ್ನು ಬಿಟ್ಟಿತು. ಸಹಾಯವು ಪ್ರತಿಭೆಗೆ ಕೊಡುವ ಬಹುಮಾನವಲ್ಲ. ಸಾಮಾನ್ಯ ಬುದ್ಧಿಯ ಹುಡುಗಿಗೂ ಓದಿನ ತೊಡಕಿದ್ದರೆ ಅದೇ ಸಹಾಯವು ಅಷ್ಟೇ ನ್ಯಾಯವಾಗಿ ಸಲ್ಲತಕ್ಕದ್ದು.

೪. ಕನ್ನಡ ಲಿಪಿಯ ಸ್ವಭಾವ

ಇಂಗ್ಲಿಷಿನಲ್ಲಿ ಬರಹಕ್ಕೂ ಉಚ್ಚಾರಣೆಗೂ ಹೊಂದಿಕೆಯಿಲ್ಲ; ನಮ್ಮದು ಬರೆದಂತೆ ಓದುವ ಭಾಷೆ; ಆದುದರಿಂದ ಇಂಥ ತೊಡಕು ಕನ್ನಡದಲ್ಲಿ ಹುಟ್ಟಲಾರದೆಂದು ಕೆಲವರು ಹೇಳುವುದುಂಟು. ಪೂರ್ವಪಕ್ಷದಲ್ಲಿ ಸ್ವಲ್ಪ ಸತ್ಯಾಂಶವಿದೆ, ಆದರೆ ಸಿದ್ಧಾಂತವು ನಿಲ್ಲುವುದಿಲ್ಲ. ಜರ್ಮನ್, ಇಟಾಲಿಯನ್ ಮುಂತಾದ, ಬರಹವು ಉಚ್ಚಾರಣೆಯನ್ನು ಹೆಚ್ಚಾಗಿ ಅನುಸರಿಸುವ ಭಾಷೆಗಳಲ್ಲಿಯೂ ಈ ತೊಡಕು ಇದೆ. ಅಲ್ಲಿ ಅದು ತಪ್ಪು ಓದಾಗಿ ತೋರುವುದಕ್ಕಿಂತ ನಿಧಾನವಾದ, ಆಯಾಸದ ಓದಾಗಿ ತೋರುತ್ತದೆ. ‘ಅಕ್ಷರವೆಲ್ಲ ಬರುತ್ತದೆ, ಓದುವುದಕ್ಕೆ ಮನಸ್ಸಿಲ್ಲ’ ಎಂದು ನಾವು ಆಕ್ಷೇಪಿಸುವ ಹುಡುಗನು ಇಂಥವನಾಗಿರಬಹುದು.

ಇದಲ್ಲದೆ ನಮ್ಮ ಲಿಪಿಗೆ ತನ್ನದೇ ಆದ ಕಷ್ಟಗಳುಂಟು. ಈಗಿನ ವರ್ಣಮಾಲೆಯಲ್ಲಿ ಹದಿಮೂರು ಸ್ವರಗಳು, ಎರಡು ಯೋಗವಾಹಗಳು, ಮೂವತ್ತುನಾಲ್ಕು ವ್ಯಂಜನಗಳು, ಒಟ್ಟು ೪೯ ವರ್ಣಗಳು. ಆದರೆ ಮಗುವು ಕಲಿಯಬೇಕಾದುದು ವರ್ಣಗಳನ್ನಷ್ಟೇ ಅಲ್ಲ. ಮೂವತ್ತುನಾಲ್ಕು ವ್ಯಂಜನಗಳಿಗೆ ಹದಿಮೂರು ಸ್ವರಗಳು ಸೇರಿದರೆ ೪೪೨ ಗುಣಿತಾಕ್ಷರಗಳಾಗುತ್ತವೆ. ಅದರ ಮೇಲೆ ಸಂಯುಕ್ತಾಕ್ಷರಗಳು. ಸೋನಾಲಿ ನಾಗ್ ಎಂಬ ವಿದುಷಿಯು ಕನ್ನಡ ಓದನ್ನು ಕಲಿಯುವ ಮಕ್ಕಳನ್ನು ಪರೀಕ್ಷಿಸಿ ೨೦೦೭ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಇಂಗ್ಲಿಷ್ ಕಲಿಯುವ ಮಕ್ಕಳು ತಮ್ಮ ಅಕ್ಷರಗಳನ್ನು ಕಲಿತು ಮುಗಿಸುವ ಕಾಲಕ್ಕಿಂತ ಬಹಳ ಹೆಚ್ಚಿನ ಕಾಲ ಕನ್ನಡದ ಅಕ್ಷರಗಳ ಕಲಿಕೆಗೆ ಬೇಕಾಗುತ್ತದೆಂದೂ, ಅದು ಪ್ರಾಥಮಿಕ ಶಾಲೆಯ ಮೊದಲ ತರಗತಿಗಳನ್ನು ದಾಟಿ ಮುಂದುವರಿಯುತ್ತದೆಂದೂ ತೋರಿಸಿದ್ದಾರೆ.

ಸಂಯುಕ್ತಾಕ್ಷರಗಳಲ್ಲಿ ಧ್ವನಿಯ ಕ್ರಮಕ್ಕೂ ಬರಹದ ಕ್ರಮಕ್ಕೂ ಭೇದವಿರುವುದನ್ನು, ಅಭ್ಯಾಸಬಲದಿಂದ, ನಾವು ಮರೆತಿದ್ದೇವೆ. ‘ಶಕ್ತಿ’ ಎಂಬ ಪದವನ್ನು ನೋಡಿರಿ. ಕಿವಿಗೆ ಕಕಾರ, ತಕಾರ, ಇಕಾರ ಎಂಬ ಕ್ರಮ. ಕಣ್ಣಿಗಾದರೋ ಇಕಾರದ ಗುಡಿಸು ಕಕಾರದ ಮೇಲಿದೆ, ತಕಾರವು ಒತ್ತಾಗಿ ಅದರ ಕೆಳಗಿದೆ. ‘ಕರ್ಮ’ ಎಂಬಲ್ಲಿ ರೇಫವು ಮಕಾರಕ್ಕಿಂತ ಮೊದಲು ಕೇಳಿಸುತ್ತದೆ. ಬರಹದಲ್ಲಿ ಅದು ಅರ್ಕಾವೊತ್ತಾಗಿ ಮಕಾರದ ಬಲಗಡೆಗೆ ಬರುತ್ತದೆ. ‘ಕ್ರಮ’ ಎಂಬಲ್ಲಿ ಅದೇ ರೇಫವು ಕಕಾರದ ಕೆಳಗೆ ಬೇರೊಂದು ಆಕಾರವನ್ನು ತಾಳುತ್ತದೆ. ಮೂರೇ ವ್ಯಂಜನಗಳುಳ್ಳ ಈ ಎರಡು ಪದಗಳನ್ನು ಬೇರ್ಪಡಿಸಲು ಎಷ್ಟು ಸೂಕ್ಷ್ಮವಾದ ಜ್ಞಾನವು ಬೇಕೆಂಬುದು ಇದರಿಂದ ತಿಳಿಯುತ್ತದೆ. ಮತ್ತೆ, ಬಹುಮಂದಿಯ ಮನೆಮಾತಿನಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ಭೇದವಾಗಲಿ, ಶಕಾರ ಷಕಾರಗಳ ಭೇದವಾಗಲಿ ಇರುವುದಿಲ್ಲ. ಅಂಥ ಮಗುವಿಗೆ ‘ಬರೆದಂತೆ ಓದು’ ಎಂಬ ಸೂತ್ರವು ಓದುವಾಗ ಸಹಾಯಕ, ಬರೆಯುವಾಗ ಅಲ್ಲ.

೫. ಹದಿವಯಸ್ಸಿನಲ್ಲಿ ತೊಡಕು ಹೆಚ್ಚುವುದೇಕೆ?

ಪ್ರಾಥಮಿಕ ಶಾಲೆಯಲ್ಲಿ ಮಗುವು ಓದುವುದನ್ನು ಕಲಿಯುತ್ತದೆ; ಪ್ರೌಢಶಾಲೆಯಲ್ಲಿ ಓದಿ ಕಲಿಯಬೇಕಾಗುತ್ತದೆ. ಎಲ್ಲ ವಿಷಯಗಳ ಪುಸ್ತಕಗಳೂ ಒಮ್ಮೆಗೇ ದಪ್ಪವಾಗುತ್ತವೆ. ಟಿಪ್ಪಣಿಗಳನ್ನು ಕೇಳುತ್ತ ಬರೆದುಕೊಳ್ಳಬೇಕಾಗುತ್ತದೆ. ಕನ್ನಡದ ಪಾಠದಲ್ಲಿ ಹಳಗನ್ನಡ ನಡುಗನ್ನಡಗಳ ಪದ್ಯಗಳೂ, ಸಂಧಿಸಮಾಸಗಳಿಂದ ಉದ್ದವಾದ ಪದಗಳೂ ಬರುತ್ತವೆ. ಅದುವರೆಗೆ ನೆನಪಿನ ಬಲದಿಂದ, ಚಿತ್ರಗಳ ಸುಳಿವಿನಿಂದ, ಪಕ್ಕದವರ ಸಹಾಯದಿಂದ ಹೇಗೋ ನಡೆಸಿಕೊಂಡು ಬಂದ ವಿದ್ಯಾರ್ಥಿಯ ಉಪಾಯಗಳು ಇಲ್ಲಿ ಸಾಲದೆ ಹೋಗುತ್ತವೆ.

ಇದಕ್ಕೆ ವಯೋಧರ್ಮವೂ ಸೇರುತ್ತದೆ. ಎಂಟು ವರ್ಷದ ಮಗುವು ತನಗೆ ಬಾರದೆಂದು ಅಳುತ್ತದೆ; ಹದಿನಾಲ್ಕು ವರ್ಷದವನು ಅಳುವುದಿಲ್ಲ, ಮರೆಮಾಚುತ್ತಾನೆ. ಪುಸ್ತಕವನ್ನು ಮರೆತು ಬಂದೆನೆನ್ನುತ್ತಾನೆ, ಓದುವ ಸರದಿ ಸಮೀಪಿಸಿದಾಗ ಹೊರಗೆ ಹೋಗಲು ಅನುಮತಿ ಕೇಳುತ್ತಾನೆ, ಇಲ್ಲವೆ ತುಂಟತನ ಮಾಡಿ ಹೊರಕ್ಕೆ ಕಳುಹಿಸಿಕೊಳ್ಳುತ್ತಾನೆ. ಓದಲಾರದವನೆಂಬ ಹೆಸರಿಗಿಂತ ಓದದವನೆಂಬ ಹೆಸರು ಅವನಿಗೆ ಹೆಚ್ಚು ಸಹ್ಯ. ಹೆಣ್ಣುಮಕ್ಕಳು ಅನೇಕವೇಳೆ ಮೌನದ ಹಿಂದೆ ಅಡಗಿಬಿಡುವುದರಿಂದ ಅವರ ತೊಡಕು ಇನ್ನೂ ತಡವಾಗಿ ತಿಳಿಯುತ್ತದೆ.

ಆಟಿಸಂ ಉಳ್ಳ ವಿದ್ಯಾರ್ಥಿಯ ಸಂಗತಿ ಬೇರೆ. ಅವನಿಗೆ ಓದು ಸುಲಭವಾಗಿದ್ದು, ತರಗತಿಯ ಗದ್ದಲ, ಮುನ್ಸೂಚನೆಯಿಲ್ಲದ ಬದಲಾವಣೆ, ಗುಂಪಿನ ಕೆಲಸ ಇವು ದುಸ್ಸಹವಾಗಬಹುದು. ಅಂಥವರಿಗೆ ಇತರರ ಮನಸ್ಸು ತಿಳಿಯುವುದಿಲ್ಲವೆಂದು ಹಿಂದೆ ಹೇಳುತ್ತಿದ್ದರು. ಇಂಗ್ಲೆಂಡಿನ ಡೇಮಿಯನ್ ಮಿಲ್ಟನ್ ಎಂಬ, ತಾವೇ ಆಟಿಸಂ ಉಳ್ಳ, ವಿದ್ವಾಂಸರು ೨೦೧೨ರಲ್ಲಿ ಇದಕ್ಕೆ ಪ್ರತಿಯಾಗಿ, ತಿಳಿಯದಿರುವಿಕೆ ಎರಡು ಕಡೆಯಲ್ಲಿಯೂ ಉಂಟೆಂದು ವಾದಿಸಿದರು: ಅವರಿಗೆ ನಾವು ಎಷ್ಟು ಅರ್ಥವಾಗುವುದಿಲ್ಲವೋ ನಮಗೂ ಅವರು ಅಷ್ಟೇ ಅರ್ಥವಾಗುವುದಿಲ್ಲ. ಪಾತ್ರಗಳ ಅಂತರಂಗವನ್ನು ಹೊಕ್ಕು ನೋಡುವುದೇ ಉದ್ಯೋಗವಾದ ಸಾಹಿತ್ಯೋಪಾಧ್ಯಾಯರಿಗೆ ಈ ಮಾತು ಚಿಂತನೀಯವಾಗಿದೆ.

೬. ಶಾಸನದ ಆಶ್ರಯ

೧೯೯೫ರ ಅಂಗವಿಕಲರ ಅಧಿನಿಯಮವು ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಹೆಸರಿಸಿತ್ತು. ಓದಿನ ತೊಡಕಾಗಲಿ ಆಟಿಸಂ ಆಗಲಿ ಅದರಲ್ಲಿರಲಿಲ್ಲ. ಅದರ ಸ್ಥಾನದಲ್ಲಿ ಬಂದ ೨೦೧೬ರ ಅಧಿನಿಯಮವು ಆ ಸಂಖ್ಯೆಯನ್ನು ೨೧ಕ್ಕೆ ಏರಿಸಿ ಇವೆರಡನ್ನೂ ಸೇರಿಸಿತು. ಪರೀಕ್ಷೆಯಲ್ಲಿ ಹೆಚ್ಚಿನ ಕಾಲಾವಕಾಶ, ಲಿಪಿಕಾರನ ಸಹಾಯ, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ ಇವುಗಳನ್ನು ಅದರ ಹದಿನೇಳನೆಯ ಪ್ರಕರಣವು ಹೆಸರಿಟ್ಟು ಹೇಳುತ್ತದೆ. ೨೦೨೧ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಬರವಣಿಗೆಯ ತೊಡಕುಳ್ಳ ಅಭ್ಯರ್ಥಿಗಳ ಎರಡು ಮೊಕದ್ದಮೆಗಳಲ್ಲಿ, ಇಂಥ ಸೌಕರ್ಯವು ದಯೆಯಲ್ಲ, ಹಕ್ಕು ಎಂಬ ತತ್ತ್ವವನ್ನು ದೃಢಪಡಿಸಿತು.

ಆದರೂ ಮಿತಿಗಳುಂಟು. ೨೦೦೯ರ ಶಿಕ್ಷಣದ ಹಕ್ಕಿನ ಅಧಿನಿಯಮವು ಆರರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಸಂಬಂಧಿಸಿದ್ದು. ತೊಡಕು ತೀವ್ರವಾಗುವ ವಯಸ್ಸಿಗೆ ಸರಿಯಾಗಿ ಅದರ ರಕ್ಷಣೆ ಮುಗಿಯುತ್ತದೆ. ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣವನ್ನು ೨೦೧೬ರ ಅಧಿನಿಯಮವು ಕೊಡುವುದಾದರೂ, ಅದು ವೈಕಲ್ಯವು ನೂರಕ್ಕೆ ನಲವತ್ತಕ್ಕೆ ಕಡಮೆಯಿಲ್ಲವೆಂದು ಪ್ರಮಾಣಿತವಾದ ಮಕ್ಕಳಿಗೆ. ಎಡಿಎಚ್‌ಡಿಯು ಇಪ್ಪತ್ತೊಂದರ ಪಟ್ಟಿಯಲ್ಲಿಯೇ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮುಂತಾದ ಹೆಸರಾಂತ ಸಂಸ್ಥೆಗಳು ನಮ್ಮ ನಾಡಿನಲ್ಲಿರುವುದು ಭಾಗ್ಯವೇ. ಆದರೆ ದೂರದ ಹಳ್ಳಿಯ ಕೂಲಿಕಾರನ ಮಗಳಿಗೆ ಅಲ್ಲಿಗೆ ಹೋಗಿ ಪ್ರಮಾಣಪತ್ರವನ್ನು ತರುವುದು ಸುಲಭವಲ್ಲ. ಪ್ರಮಾಣಪತ್ರವಿಲ್ಲದವಳಿಗೆ ಪರೀಕ್ಷೆಯ ಸೌಕರ್ಯ ದೊರೆಯದೆ ಹೋಗಬಹುದು. ತರಗತಿಯ ಸಹಾಯಕ್ಕೆ ಮಾತ್ರ ಯಾವ ಪ್ರಮಾಣಪತ್ರವೂ ಬೇಕಿಲ್ಲ.

೭. ವಿನಾಯಿತಿಯ ಪ್ರಶ್ನೆ

ಈಗ ನಮ್ಮನ್ನು ಹತ್ತಿರದಿಂದ ತಟ್ಟುವ ಪ್ರಶ್ನೆಗೆ ಬರೋಣ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಅನೇಕ ಮಕ್ಕಳಿಗೆ ಕನ್ನಡವು ದ್ವಿತೀಯ ಭಾಷೆ. ಅವರಲ್ಲಿ ಒಬ್ಬನಿಗೆ ಭಾಷಾವಿನಾಯಿತಿ ದೊರೆತರೆ ಅವನು ಕಳೆದುಕೊಳ್ಳುವುದು ಕನ್ನಡವನ್ನು. ಮನೆಮಾತು ಕನ್ನಡವಾಗಿದ್ದರೂ ಕನ್ನಡ ಕಾವ್ಯದ ಬಾಗಿಲು ಅವನಿಗೆ ಮುಚ್ಚುತ್ತದೆ. ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕೆಂದು ೨೦೧೫ರ ಕನ್ನಡ ಭಾಷಾ ಕಲಿಕಾ ಅಧಿನಿಯಮವು ವಿಧಿಸಿತು. ಭಾಷಾಭಿಮಾನಿಗಳು ವಿನಾಯಿತಿಯನ್ನು ಸಂಶಯದಿಂದ ನೋಡುವುದು ಇದರಿಂದ ಸಹಜವೇ.

ನನ್ನ ಅಭಿಪ್ರಾಯದಲ್ಲಿ ವಿನಾಯಿತಿಯನ್ನು ಆಕ್ಷೇಪಿಸುವುದು ಸರಿಯಲ್ಲ. ಮೂರು ಲಿಪಿಗಳೊಡನೆ ಹೋರಾಡಿ ಪ್ರತಿವರ್ಷವೂ ಸೋಲುವ ಮಗುವಿಗೆ ಒಂದೆರಡು ಲಿಪಿಗಳ ಭಾರವನ್ನು ಇಳಿಸುವುದು ನ್ಯಾಯ. ಬಲವಂತದಿಂದ ಭಾಷಾಪ್ರೇಮ ಹುಟ್ಟುವುದಿಲ್ಲ. ಆದರೆ ಪರೀಕ್ಷೆಯಿಂದ ವಿನಾಯಿತಿಯು ಪಾಠದಿಂದ ಬಹಿಷ್ಕಾರವಾಗಬೇಕಾಗಿಲ್ಲ. ಕನ್ನಡದ ಅವಧಿಯಲ್ಲಿ ಆ ವಿದ್ಯಾರ್ಥಿಯನ್ನು ಗ್ರಂಥಾಲಯದಲ್ಲಿ ಸುಮ್ಮನೆ ಕೂಡಿಸುವುದಕ್ಕೆ ಬದಲಾಗಿ, ಅವನಿಗೆ ಇಷ್ಟವಿದ್ದರೆ, ತರಗತಿಯಲ್ಲಿ ಕುಳಿತು ಕೇಳಲು ಅವಕಾಶವಿರಬೇಕು. ಕೇಳಿದುದಕ್ಕೆ ಪ್ರತಿಯಾಗಿ ಬರೆಯೆಂದು ಅವನನ್ನು ಕಾಡಬಾರದು, ಅಷ್ಟೆ.

ಓದಿಗೂ ಸಾಹಿತ್ಯಕ್ಕೂ ಅವಿನಾಭಾವವಿಲ್ಲವೆಂಬುದು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಈ ನಾಡಿನವರನ್ನು ಕುರಿತು, ವಿಧಿವತ್ತಾಗಿ ಅಧ್ಯಯನ ಮಾಡದೆಯೂ ಕಾವ್ಯದಲ್ಲಿ ನುರಿತ ಬುದ್ಧಿಯುಳ್ಳವರೆಂದು ಶ್ಲಾಘಿಸಿದೆ. ಅದು ಓದಿನ ತೊಡಕನ್ನು ಕುರಿತ ಮಾತಲ್ಲ. ಅದನ್ನು ಹಾಗೆ ಎಳೆಯಬಾರದು. ಆದರೆ ಕುಮಾರವ್ಯಾಸನ ಭಾರತವೂ ಲಕ್ಷ್ಮೀಶನ ಜೈಮಿನಿಭಾರತವೂ ಗಮಕಿಗಳ ಕಂಠದಿಂದ ಅಕ್ಷರವರಿಯದ ಜನರ ಹೃದಯವನ್ನು ಸೇರಿದುವೆಂಬುದೂ, ಮಲೆಯ ಮಾದೇಶ್ವರ ಮಂಟೇಸ್ವಾಮಿಯರ ಮಹಾಕಾವ್ಯಗಳನ್ನು ದೇವರಗುಡ್ಡರೂ ನೀಲಗಾರರೂ ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದರೆಂಬುದೂ ನಿರ್ವಿವಾದ. ಕಿವಿಯಿಂದ ಕಾವ್ಯವನ್ನು ಪಡೆಯುವುದು ನಮ್ಮಲ್ಲಿ ಕೀಳಾದ ದಾರಿಯಾಗಿರಲಿಲ್ಲ; ಅಚ್ಚಿನ ಪುಸ್ತಕವೂ ಬರಹದ ಪರೀಕ್ಷೆಯೂ ಬಂದಮೇಲೆ ಅದು ಕೀಳಾಯಿತು.

೮. ಉಪಾಧ್ಯಾಯರು ಮಾಡಬಹುದಾದುದು

ಅನುಭವಕ್ಕೂ ಸಂಶೋಧನೆಗೂ ಒಪ್ಪುವ ಕೆಲವು ಕ್ರಮಗಳನ್ನು ಸಂಗ್ರಹವಾಗಿ ಹೇಳಬಹುದು. ಮೊದಲನೆಯದಾಗಿ, ಮುಂಚಿತವಾಗಿ ತಿಳಿಸದೆ ಯಾರನ್ನೂ ತರಗತಿಯೆದುರಿಗೆ ಗಟ್ಟಿಯಾಗಿ ಓದಿಸಬಾರದು. ಎರಡನೆಯದಾಗಿ, ಪಾಠವನ್ನು ಉಪಾಧ್ಯಾಯರೇ ಓದಿ, ಸಾಧ್ಯವಾದರೆ ಆ ಓದನ್ನು ಧ್ವನಿಮುದ್ರಿಸಿ ವಿದ್ಯಾರ್ಥಿಗೆ ಕೊಡಬೇಕು. ಕೈಯಲ್ಲಿರುವ ದೂರವಾಣಿಯೇ ಇದಕ್ಕೆ ಸಾಕು. ಮೂರನೆಯದಾಗಿ, ಹಳೆಯ ಪದ್ಯಗಳನ್ನು ಪದಚ್ಛೇದ ಮಾಡಿ, ದಪ್ಪ ಅಕ್ಷರಗಳಲ್ಲಿ, ಸಾಲುಗಳ ನಡುವೆ ಸ್ಥಳ ಬಿಟ್ಟು ಬರೆದುಕೊಡಬೇಕು. ಸಂಧಿಸಮಾಸಗಳನ್ನು ಬಿಡಿಸುವ ವ್ಯಾಕರಣಪಾಠವು ಇತರರಿಗೆ ಅಂಕಗಳ ಸಾಧನ. ಈ ವಿದ್ಯಾರ್ಥಿಗೆ ಅದು ಓದುವ ಸಾಧನ.

ನಾಲ್ಕನೆಯದಾಗಿ, ಎಂಟನೆಯ ತರಗತಿಯಾದರೂ ಒತ್ತಕ್ಷರಗಳ ರಚನೆಯನ್ನು ಧ್ವನಿಯೊಡನೆ ಬಿಡಿಸಿ ತೋರಿಸಿ ಕಲಿಸಲು ನಾಚಬಾರದು. ಆದರೆ ಇದನ್ನು ಏಕಾಂತದಲ್ಲಿ, ವಯಸ್ಸಿಗೆ ತಕ್ಕ ಪಠ್ಯದಿಂದ ಮಾಡಬೇಕು. ಹದಿನಾಲ್ಕು ವರ್ಷದವನ ಕೈಗೆ ಒಂದನೆಯ ತರಗತಿಯ ಪುಸ್ತಕವನ್ನು ಕೊಟ್ಟರೆ ಅವನು ಪುಸ್ತಕವನ್ನೂ ಕೊಟ್ಟವರನ್ನೂ ದ್ವೇಷಿಸುತ್ತಾನೆ. ಐದನೆಯದಾಗಿ, ಶಾಲೆಯೊಳಗಿನ ಪರೀಕ್ಷೆಗಳಲ್ಲಿ ವಿಷಯಕ್ಕೂ ಕಾಗುಣಿತಕ್ಕೂ ಬೇರೆಬೇರೆ ಅಂಕಗಳನ್ನಿಟ್ಟು, ಮೌಖಿಕ ಉತ್ತರವನ್ನು ಸ್ವೀಕರಿಸಬೇಕು. ಕಡೆಯದಾಗಿ, ಯಾವುದರಿಂದ ಸಹಾಯವಾಗುತ್ತದೆಂದು ವಿದ್ಯಾರ್ಥಿಯನ್ನೇ ಕೇಳಬೇಕು.

ಮಾಡಬಾರದವೂ ಕೆಲವುಂಟು. ತಪ್ಪಿದ ಪದವನ್ನು ನೂರು ಸಲ ಬರೆಯಿಸುವುದರಿಂದ ಕೈ ನೋಯುವುದಲ್ಲದೆ ತೊಡಕು ಹೋಗುವುದಿಲ್ಲ. ಬಣ್ಣದ ಕನ್ನಡಕಗಳಿಂದ ಓದು ಸುಧಾರಿಸುತ್ತದೆಂಬುದಕ್ಕೆ ತೃಪ್ತಿಕರವಾದ ಆಧಾರವಿಲ್ಲ. ತೊಡಕಿನ ಹೆಸರನ್ನು ಇತರ ವಿದ್ಯಾರ್ಥಿಗಳ ಮುಂದೆ ಎತ್ತುವುದು ವಿಶ್ವಾಸಘಾತಕ್ಕೆ ಸಮಾನ.

ಅರವತ್ತು ಮಂದಿಯ ತರಗತಿಯಲ್ಲಿ ಇಷ್ಟೆಲ್ಲ ಮಾಡುವುದು ಹೇಗೆಂದು ಉಪಾಧ್ಯಾಯರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಎಲ್ಲವೂ ಒಬ್ಬರಿಂದ ಆಗತಕ್ಕದ್ದಲ್ಲ. ವಿಶೇಷ ಶಿಕ್ಷಕರನ್ನು ಒದಗಿಸುವುದು ಸರ್ಕಾರದ ಹೊಣೆ. ಆದರೆ ಮೇಲಿನ ಕ್ರಮಗಳಲ್ಲಿ ಹಲವು ಇಡೀ ತರಗತಿಗೆ ಉಪಯುಕ್ತವಾದವು. ಪದಚ್ಛೇದ ಮಾಡಿದ ಪದ್ಯವೂ, ಚೆನ್ನಾಗಿ ಓದಿದ ಪಾಠವೂ ಯಾರಿಗೆ ತಾನೆ ಬೇಡ?

೯. ಉಪಸಂಹಾರ

ಪರ್ಸಿಯ ಉಪಾಧ್ಯಾಯರು ಹೇಳಿದ ಮಾತಿನಲ್ಲಿ ಒಂದು ‘ಆಗಿದ್ದರೆ’ ಉಂಟು: ಪಾಠವೆಲ್ಲ ಬಾಯಿಮಾತಿನದಾಗಿದ್ದರೆ. ಅವರ ಕಾಲದಲ್ಲಿ ಅದು ಬರಿಯ ಊಹೆಯಾಗಿತ್ತು. ಈಗ ಶಾಸನವಿದೆ, ಧ್ವನಿಮುದ್ರಣದ ಸೌಲಭ್ಯವಿದೆ, ಕನ್ನಡದ ಅಕ್ಷರಗಳನ್ನೇ ಕುರಿತ ಸಂಶೋಧನೆಯಿದೆ. ಕಾವ್ಯವನ್ನು ಕೇಳಿ ಸವಿಯುವ ಸಂಪ್ರದಾಯವಂತೂ ಮೊದಲಿನಿಂದಲೂ ಇದೆ. ಅಕ್ಷರಸ್ಖಾಲಿತ್ಯವನ್ನು ತಿದ್ದುವುದು ಭಾಷೋಪಾಧ್ಯಾಯರ ಕೆಲಸವೆಂಬುದರಲ್ಲಿ ಸಂಶಯವಿಲ್ಲ. ಆ ಸ್ಖಾಲಿತ್ಯದ ಹಿಂದೆ ಕುಳಿತಿರುವ ಕೇಳುಗನನ್ನು ಗುರುತಿಸುವುದೂ ಅವರ ಕೆಲಸವೇ. ಅಂಥವನು ನಮ್ಮ ತರಗತಿಯಲ್ಲಿ ಇರುವನೆ ಎಂದು ಈ ವರ್ಷ ಒಮ್ಮೆ ಹುಡುಕಿ ನೋಡುವುದಾದರೆ ಈ ಲೇಖನದ ಶ್ರಮವು ಸಾರ್ಥಕವಾಗುತ್ತದೆ.